ಜಯಮಾಲಾ ಬಯ್ಯುವುದನ್ನು ಬಿಟ್ಟಾಗ

ಹುಮನಾಬಾದಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಸಂಜೀವಕುಮಾರ ಬಿ.ಎಸ್ಸಿ. ಓದಿದವನು. ಮಣ್ಣು ನೋಡಿ ಯಾವ ಹೊಲಕ್ಕೆ ಯಾವ ಬೀಜ ಎಂದು ಹೇಳುವ ಅವನಿಗೆ, ಯಾವ ಪತ್ರಿಕೆಗೆ ಯಾವ ಕಥೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಭಾನುವಾರ ಬಸವಕಲ್ಯಾಣದ ಗ್ರಂಥಾಲಯಕ್ಕೆ ಹೋಗಿ (ಅತ್ತೆಮನೆ ಅಲ್ಲೇ ಇದ್ದುದರಿಂದ ಊಟದ ಚಿಂತೆಯಿರಲಿಲ್ಲ) ಮಾಸಿಕಗಳನ್ನೆಲ್ಲ ಮಗುಚಿ, ಯಾರು ಎಂಥ ಕಥೆ ಕೇಳುತ್ತಾರೆಂದು ನೋಡಿ ನೋಡಿ ಕಳಿಸುತ್ತಿದ್ದ. ಹೋದ ಕಥೆಗಳು ಹೋದವೇ.

ಕೊನೆಗೊಂದು ಸ್ಪರ್ಧೆ ಕಣ್ಣಿಗೆ ಬಿತ್ತು. ಗಂಡ-ಹೆಂಡತಿಯ ಹಾಸ್ಯ ಕಥೆ. ಸಂಭಾಷಣೆ ಲೇಖಕರ ಊರಿನ ಆಡುಮಾತಿನಲ್ಲೇ ಇರಬೇಕು.

ಸಂಜೀವಕುಮಾರನಿಗೆ ಬೆವರು ಬಂತು. ಅವನ ಕಥೆಗಳಲ್ಲಿ ಕೂಲಿಯಾಳು ಕೂಡ "ಮಾನ್ಯರೇ, ಬಿಸಿಲು ತೀವ್ರವಾಗಿದೆ" ಎನ್ನುತ್ತಿದ್ದ. ಆದರೆ ಮನೆಯಲ್ಲಿ ಹೆಂಡತಿ ಜಯಮಾಲಾ ಇದ್ದಳು. ಅವಳು ಬಯ್ಯಲು ಶುರುಮಾಡಿದರೆ ಪಕ್ಕದ ಮನೆಯ ಮೆಹರೀನ್ ಮಿಕ್ಸರ್ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

ಮಾದರಿ ಸಂಗ್ರಹ ಆರಂಭವಾಯಿತು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿ, ಧ್ವನಿಮುದ್ರಣಕ್ಕೆ ಹಚ್ಚಿದ ಫೋನನ್ನು ದಿಂಬಿನ ಕೆಳಗಿಟ್ಟ.

"ಹಾಸಿಗಿ ಅಂದ್ರ ನಿಮಗ ಹಗ್ಗ ಕಂಡಂಗ ಕಾಣಾಕತ್ತದೇನ್ರಿ? ಓದಿದಾವ ಅಂತ ನೋಡಿ ಕೊಟ್ಟಾನ ನಮ್ಮಪ್ಪ. ಟವೆಲ್ ಹ್ಯಾಂಗ ಒಣಗ್ತದ ಅಂಬೋದು ಬಿಟ್ಟು ಮತ್ತೇನ್ ಓದೀರಿ?"

ಅಮೂಲ್ಯ ಫಲಿತಾಂಶ. ಮರುದಿನ ಹುಳುಕು ಬದನೆಕಾಯಿ ತಂದ.

"ಅಂಗಡ್ಯಾಗ ಹುಳದ ಔಷಧ ಮಾರ್ತೀರಿ, ಮನಿಗೆ ಹುಳಾನೇ ತರ್ತೀರಿ. ಬಿಲ್ಕುಲ್ ಛಲೋ ಬೇಪಾರ ಅದ ನಿಮ್ದು."

ಸಂಜೆ ಒಳಕೋಣೆಯಲ್ಲಿ ಕುಳಿತು, ಫೋನಿನಲ್ಲಿ ಅದನ್ನು ಕೇಳುತ್ತ ಬರೆದುಕೊಳ್ಳುವಾಗ ಜಯಮಾಲಾ ಬಾಗಿಲಲ್ಲಿ ನಿಂತಳು.

"ನಾ ಇಲ್ಲಿದೀನಿ. ಒಳಗ ನಿಮಗ ಬಯ್ಯಾಕತ್ತಾಕಿ ಯಾರು?"

ಸ್ಪರ್ಧೆಯ ವಿಷಯ ಹೇಳಲೇಬೇಕಾಯಿತು.

"ಅಂದ್ರ, ಬಯ್ಯಾಕಿ ನಾನು, ಹೆಸರು ನಿಮ್ದು?"

"ಕಥಿ ನಂದಲ್ಲೇನು?"

ಅವಳು ಫೋನಿಗೆ ಕೈ ಚಾಚಿದಳು. ಧ್ವನಿಮುದ್ರಣವೆಲ್ಲ ಅಳಿಸಿಹೋಯಿತು.

ಬೆಳಿಗ್ಗೆ ಎದ್ದರೆ, "ಚಹಾ ಸಿದ್ಧವಾಗಿದೆ. ತಾವು ಸೇವಿಸಬಹುದು."

ಟವೆಲ್ ಮತ್ತೆ ಹಾಸಿಗೆಯ ಮೇಲೆ ಬಿತ್ತು. "ಚಿಂತೆಯಿಲ್ಲ. ಕಾಲಕ್ರಮೇಣ ಒಣಗುತ್ತದೆ."

ಸಾರಿಗೆ ಉಪ್ಪಿಲ್ಲ ಎಂದ. "ತಮ್ಮ ಅಭಿಪ್ರಾಯವನ್ನು ಗೌರವಿಸುತ್ತೇನೆ."

ಅಳೆಯಲು ಹೋದರೆ ಅಳೆಯುವ ವಸ್ತುವೇ ಬದಲಾಗುವುದುಂಟು ಎಂದು ಅವನು ಕಾಲೇಜಿನಲ್ಲಿ ಓದಿದ್ದ. ಮನೆಯಲ್ಲಿ ಅದನ್ನು ಸಾಧಿಸಿ ತೋರಿಸುವ ಆಸೆ ಇರಲಿಲ್ಲ. ಮನೆ ಸರಕಾರಿ ಕಚೇರಿಯಂತಾಯಿತು. ಬಯ್ಗುಳದ ನಡುವೆ ಅವಳು 'ಉಂಡೀರೇನು', 'ಬಿಸಲಾಗ ತಿರಗಬ್ಯಾಡ್ರಿ' ಎಂದೂ ಸೇರಿಸುತ್ತಿದ್ದಳೆಂಬುದು, ಬಯ್ಗುಳ ನಿಂತ ಮೇಲೆ ಅವನ ಲಕ್ಷ್ಯಕ್ಕೆ ಬಂತು.

ಸ್ಪರ್ಧೆಯ ಕಡೆಯ ದಿನ ಬಂದೇಬಿಟ್ಟಿತು. ಅಳಿಸಿದ್ದನ್ನು ನೆನಪಿನಿಂದ ಕಟ್ಟುವುದು ಅವನ ಸ್ವಭಾವಕ್ಕೆ ಒಗ್ಗಲಿಲ್ಲ. ಅವಳು ಈಗ ಆಡುತ್ತಿದ್ದುದನ್ನೇ ಒಂದಕ್ಷರ ಬದಲಿಸದೆ ಬರೆದು ಕಳಿಸಿದ.

ಸಂಪಾದಕರಿಂದ ಉತ್ತರ ಬಂತು: "ಕಥೆ ಚೆನ್ನಾಗಿದೆ. ಹೆಂಡತಿಯ ಪಾತ್ರ ಮಾತ್ರ ಅಸಹಜ. ಹೀಗೆ ಮಾತಾಡುವ ಹೆಂಗಸು ನಿಮ್ಮ ಕಡೆ ಇರಲಾರಳು."

ಜಯಮಾಲಾ ಅದನ್ನು ಇಸಿದುಕೊಂಡು ಓದಿದಳು.

"ಯಾವನಿವ, ನನಗ ಅಸಹಜ ಅನ್ನಾವ? ಬಂದು ನೋಡ್ಯಾನೇನು? ಖಾಲಿಪೀಲಿ ಕುರ್ಚಿ ಮ್ಯಾಲ ಕುಂತು ಮಂದಿ ಹೆಂಡ್ರ ಪರೀಕ್ಷಾ ಮಾಡ್ತಾನ. ಪೆನ್ ತಗೋರಿ. ಇಂವಗ ನಾನೇ ಜವಾಬ ಕೊಡ್ತೀನಿ."

ಅವಳು ಹೇಳಿದಳು, ಅವನು ಬರೆದ. 'ಹ್ಯಾಂಗ' ಬಂದಲ್ಲಿ ಕೈ ತಾನಾಗಿ 'ಹೇಗೆ' ಎಂದು ತಿದ್ದಿತು.

"ನಾ ಅಂದಂಗ ಬರೀರಿ. ಯಾಕ, ಹೊಟ್ಟಿ ಹಸದದೇನು? ಮೊದ್ಲ ಉಣ್ರಿ. ಆಮ್ಯಾಲ ಬಯ್ಯೂಣು ಅಂವಗ."

ಸಂಜೀವಕುಮಾರ ಒಂದು ರೊಟ್ಟಿ ಹೆಚ್ಚೇ ಉಂಡ.

ಮುಂದಿನ ಸಂಚಿಕೆಯಲ್ಲಿ ಅವನ ಕಥೆ ಇರಲಿಲ್ಲ. ಓದುಗರ ಪುಟದಲ್ಲಿ ಅವಳ ಪತ್ರ ಇಡಿಯಾಗಿ ಅಚ್ಚಾಗಿತ್ತು. ಸಂಪಾದಕರೇ ಫೋನು ಮಾಡಿ, ತಮಗೊಂದು ಕಥೆ ಬರೆದುಕೊಡಬೇಕೆಂದು ಅವಳನ್ನು ಕೇಳಿಕೊಂಡರು.

ಜಯಮಾಲಾ ಗಂಡನ ಕಡೆ ನೋಡಿದಳು.

"ಪುರಸತ್ತು ನೋಡಿ ಕೊಡ್ತೀನ್ರಿ," ಎಂದಳು. "ಅಕ್ಷರ ಭಾಳ ಛಲೋ ಇರೋರು ಒಬ್ರು ನಮ್ಮ ಮನ್ಯಾಗೇ ಅದಾರ."