ಮೂರನೇ ಸಿಲಿಂಡರ್

ಅಜ್ಜಪ್ಪ: ನೂರು ಸಲ ಹೇಳೀನಿ, ಡೀಸೆಲ್ ಪಂಪಿನ ಟೈಮಿಂಗೇ ಹೋಗೈತೆ! ಇವಳು ಮೊನ್ನೆ ಸಂತೆಗೆ ಓಡಿಸಿಕೊಂಡು ಹೋದ್ಳು ನೋಡ್ರಿ, ಅವತ್ತಿಂದ ಟ್ರ್ಯಾಕ್ಟರ್ ಚಳಿಜ್ವರ ಬಂದಂಗೆ ನಡುಗ್ತೈತೆ.

ಮರುಳಸಿದ್ದಮ್ಮ: ನಾ ಕುಂತ್ರೆ ಟೈಮಿಂಗ್ ಹೋಗ್ತೈತಾ? ಕೇಳಿದೋರು ನಕ್ಕಾರು!

ಅಜ್ಜಪ್ಪ: ಟೈಮಿಂಗ್ ಸರಿ ಐತೆ ಅಂದ್ರೆ ಈ ಕೀಲಿ ನಿನ್ನ ಕೈಗೆ ಕೊಟ್ಟು, ನಾ ಮಡ್‌ಗಾರ್ಡ್ ಮ್ಯಾಲೆ ಕೂಡ್ತೀನಿ. ಸಾಬ್ರೇ, ನೀವೇ ಸಾಕ್ಷಿ.

ಹರಿಹರದ ಡೀಸೆಲ್ ಪಂಪ್ ಮೆಕ್ಯಾನಿಕ್ ಸಿಕಂದರ್ ಸಾಕ್ಷಿ ಹೇಳುವ ಗೋಜಿಗೆ ಹೋಗದೆ ಪಾನಾ ಹುಡುಕುತ್ತಿದ್ದ. ಶಾಮನೂರಿನಿಂದ ಇಲ್ಲಿಯವರೆಗೂ ಹೆಂಡತಿಯನ್ನು ಬೈಯುತ್ತಲೇ ಬಂದ ಅಜ್ಜಪ್ಪನಿಗೆ ಗಂಟಲು ಒಣಗಿತ್ತು. ಗೆದ್ದೇ ಗೆಲ್ಲುತ್ತೇನೆಂಬ ಹುರುಪು ಮಾತ್ರ ಇಳಿದಿರಲಿಲ್ಲ.

ಸಿಕಂದರ್: ಪಂಪಿನ ಗುರುತು ನೋಡ್ದೆ, ಸರಿಯಾಗೇ ಕೂತೈತೆ. ಟೈಮಿಂಗ್ ತಪ್ಪಿದ್ರೆ ಮೂರೂ ಸಿಲಿಂಡರ್ ಅಳ್ತಿದ್ವು. ಇಲ್ಲಿ ಯಾವ್ದೋ ಒಂದೇ ಕಳ್ಳಾಟ ಆಡ್ತೈತೆ.

ಅಜ್ಜಪ್ಪ: ಅದನ್ನ ಹೆಂಗೆ ಹಿಡೀತೀರಿ?

ಸಿಕಂದರ್: ಇಂಜಿನ್ ಚಾಲೂ ಇದ್ದಂಗೇ ಒಂದೊಂದರ ಡೀಸೆಲ್ ಪೈಪ್ ಸಡಿಲ ಮಾಡೋದು. ಇಂಜಿನ್ ಕುಂಟಿದ್ರೆ ಅದು ದುಡಿಯೋ ಸಿಲಿಂಡರ್. ಏನೂ ಫರಕ್ ಬೀಳ್ಲಿಲ್ಲ ಅಂದ್ರೆ ಅದೇ ಸೋಮಾರಿ.

ಮೊದಲನೆಯದನ್ನು ಸಡಿಲಿಸಿದ; ಇಂಜಿನ್ ಏದುಸಿರು ಬಿಟ್ಟಿತು. ಎರಡನೆಯದಕ್ಕೂ ಅದೇ ಪಾಡು. ಮೂರನೆಯದಕ್ಕೆ ಮಾತ್ರ ಇಂಜಿನ್ ಕ್ಯಾರೇ ಅನ್ನಲಿಲ್ಲ.

ಅಜ್ಜಪ್ಪ: ಸಿಕ್ಕಿಬಿತ್ತಲ್ಲ ಕಳ್ಳ! ಉಳಿದೋರು ದುಡೀಲಿ, ತಾನು ಕುಂತು ಉಣ್ಲಿ ಅಂತಾನಾ? ಕಿತ್ತು ಬಿಸಾಕ್ರಿ ಅದನ್ನ!

ಮರುಳಸಿದ್ದಮ್ಮ: ತಡೀರಿ. ನಾ ತವರಿಗೆ ಹೋದಾಗ ಮನೆ ಏನಾತು?

ಅಜ್ಜಪ್ಪ: ಏನಾಗೋದು? ಒಲೆ ಹತ್ತಲಿಲ್ಲ, ಎಮ್ಮೆ ಒದ್ದು ಹಾಲು ಕೊಡಲಿಲ್ಲ, ಪೂರಾ ಬಂದ್.

ಮರುಳಸಿದ್ದಮ್ಮ: ಮಗ ಬಕ್ಕೇಶ ಗೆಳೆಯನ ಮದುವಿಗೆ ಹೋದಾಗ?

ಅಜ್ಜಪ್ಪ: ನೀರು ಹಾಯಿಸೋರಿಲ್ದೆ ಗದ್ದೆ ಬಿರುಕು ಬಿಡ್ತು. ಯಾಕ, ಈಗ್ಯಾಕ ಅದು?

ಮರುಳಸಿದ್ದಮ್ಮ: ನೀವು ಯಾತ್ರೆಗೆ ಹೋದಾಗ?

ಅಜ್ಜಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ತಾನಿಲ್ಲದಾಗ ಮನೆಯಲ್ಲಿ ಕೆಟ್ಟದ್ದು ಒಂದಾದರೂ ನೆನಪಾಗಲಪ್ಪಾ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತ. ಒಂದೂ ನೆನಪಾಗಲಿಲ್ಲ. ಎಮ್ಮೆ ಆಗ ಒಂದು ಚೊಂಬು ಹಾಲು ಹೆಚ್ಚೇ ಕೊಟ್ಟಿತ್ತು.

ಸಿಕಂದರ್: ಮತ್ತೆ ಅಜ್ಜಪ್ಪಾರೆ, ಮೂರನೇದರಾಗ ಡೀಸೆಲ್ ಚಿಮ್ಮಿಸೋ ನಾಝಲ್ ಕಸ ಕಟ್ಟೈತೆ, ಕಿತ್ತು ಬಿಸಾಕ್ಲಾ?

ಅಜ್ಜಪ್ಪ ಕೀಲಿಯನ್ನು ಹೆಂಡತಿಯ ಕೈಗಿಟ್ಟು, ಮೆಲ್ಲಗೆ ಮಡ್‌ಗಾರ್ಡ್ ಏರಿ ಕುಳಿತ.

ಅಜ್ಜಪ್ಪ: ಬ್ಯಾಡ್ರೀ ಸಾಬ್ರೇ! ಒಂಚೂರು ತೊಳೆದು ಅಲ್ಲೇ ಕೂಡ್ಸ್ರಿ. ಪಾಪ, ಈ ವಯಸ್ಸಿನಾಗ ಅದಾದ್ರೂ ಎಲ್ಲಿಗೆ ಹೋಗ್ಬೇಕು!