ಇಂಗ್ಲಿಷಿಗೆ ಕಟ್ಟಿದ ಕಾಯಿ

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಕಲ್ಲಿಗೆ ಮೊದಲು ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಆಮೇಲೆ ಹಾಕಿಕೊಂಡವನು ನಾನೊಬ್ಬನೇ ಇರಬೇಕು.

ನಾನು ಸಿದ್ದಾರೂಢ. ಪುಣೆಗೆ ಬಂದು ಹನ್ನೊಂದು ವರ್ಷ. ಖರಾಡಿಯಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರ ಆಫೀಸಿನಲ್ಲಿ ಗುಮಾಸ್ತ. ಹಿಂಜವಾಡಿಯ ನಮ್ಮ ಸೈಟಿಗೆ ಕೂಲಿಗಾರರ ಯೋಗಕ್ಷೇಮ ನೋಡಿಕೊಳ್ಳುವ ಒಬ್ಬ ವೆಲ್‌ಫೇರ್ ಆಫೀಸರ್ ಬೇಕು, ನಮ್ಮಲ್ಲೇ ಒಬ್ಬರನ್ನು ಆರಿಸುತ್ತೇವೆ ಎಂದು ಸುದ್ದಿ ಬಂತು. ಆಫೀಸರ್ ಎಂದ ಮೇಲೆ ಇಂಗ್ಲಿಷ್, ಅದೂ ಸಾದಾ ಇಂಗ್ಲಿಷಲ್ಲ, ಉಚ್ಚ ಕುಲದ ಇಂಗ್ಲಿಷ್ ಬೇಡವೇ? ಫುಟ್‌ಪಾತಿನಿಂದ ಕಠಿಣ ಶಬ್ದಗಳ ದಪ್ಪ ಪುಸ್ತಕ ತಂದು ದಿನಕ್ಕೆ ಹತ್ತು ಶಬ್ದ ಬಾಯಿಪಾಠ ಮಾಡತೊಡಗಿದೆ. ಸಂಜೆಗೆ ಎಂಟು ಮರೆತಿರುತ್ತಿದ್ದವು. ನಾಲಿಗೆಯ ತುಂಬ ಕನ್ನಡವೇ ಕಾಲು ಚಾಚಿ ಮಲಗಿದ್ದರೆ ಬಂದವರು ಎಲ್ಲಿ ಕೂಡಬೇಕು?

ಆಗ ನನಗೆ ದಿವ್ಯಜ್ಞಾನವಾಯಿತು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಬಾಯಿಂದ ಕನ್ನಡ ಆಡುವುದಿಲ್ಲವೆಂದು ಹರಕೆ ಹೊತ್ತು, ಕೆಂಪು ಅರಿವೆಯಲ್ಲಿ ತೆಂಗಿನಕಾಯಿ ಕಟ್ಟಿ ದೇವರ ಜಗಲಿಯ ಮೇಲೆ ತೂಗುಹಾಕಲು ಹೊರಟೆ. (ಬರೆಯುವುದಕ್ಕೆ ಅಡ್ಡಿಯಿಲ್ಲ. ಅದಕ್ಕೇ ನಿಮ್ಮ ಮುಂದೆ ಇಷ್ಟು ತೋಡಿಕೊಳ್ಳುತ್ತಿದ್ದೇನೆ.)

ನನ್ನ ಹೆಂಡತಿ ಅನುಸೂಯಾ ಅಡ್ಡ ನಿಂತಳು. "ಮಕ್ಕಳಾಗಲಿ, ಮದುವಿ ಆಗಲಿ ಅಂತ ಕಾಯಿ ಕಟ್ಟತಾರ. ಇಂಗ್ಲೀಷ್ ಬರಲಿ ಅಂತ ಯಾರರ ಕಟ್ಟತಾರೇನ್ರೀ? ನಮ್ಮ ಮನಿದೇವರು ವೀರಭದ್ರ, ಭಾಳ ಸಿಟ್ಟಿನ ದೇವರು. ಒಮ್ಮೆ ಕಟ್ಟಿದ್ರ ನಡುವ ಬಿಚ್ಚಾಕ ಬರೂದಿಲ್ಲ, ನೋಡ್ರಿ ಮತ್ತ."

"ನಡುವ ಯಾಕ ಬಿಚ್ಚಲಿ? ನಾ ಗಂಡಸಲ್ಲೇನ?" ಎಂದೆ. ಕಾಯಿ ಕಟ್ಟುವ ಮೊದಲು ನಾನಾಡಿದ ಕೊನೆಯ ಕನ್ನಡ ಮಾತು ಅದು.

ಮರುದಿನದಿಂದ ಪಲ್ಯಕ್ಕೆ ಉಪ್ಪು ಕಡಿಮೆಯಾದರೆ "ಇನ್‌ಸಿಪಿಡ್" ಎನ್ನುತ್ತಿದ್ದೆ. "ಬೈದ್ರೋ ಹೊಗಳಿದ್ರೋ?" ಎಂದು ಅವಳು ನಾಲ್ಕು ದಿನ ಕೇಳಿದಳು, ಐದನೆಯ ದಿನ ಬಿಟ್ಟಳು. ಜಗಳಕ್ಕೆ ಇಬ್ಬರು ಬೇಕು, ಅದೂ ಒಂದೇ ಭಾಷೆಯಲ್ಲಿ. ಒಂದು ಸಂಜೆ ಓಡಿಬಂದು, "ರೀ, ನಮ್ಮ ತಂಗಿ ಹಡದಳಂತ, ಹೆಣ್ಣ ಕೂಸು!" ಎಂದಳು. ನಾನು ಪುಸ್ತಕದಿಂದ ತಲೆಯೆತ್ತಿ "ಮ್ಯಾಗ್ನಿಫಿಸೆಂಟ್" ಎಂದೆ. ಇನ್ನೇನಾದರೂ ಕೇಳಿಯೇನೆಂದು ಅವಳು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದು ಒಳಗೆ ಹೋದಳು. ಕೂಸು ಯಾರನ್ನು ಹೋಲುತ್ತದೆ ಎಂದಾದರೂ ಕೇಳಬೇಕಿತ್ತು.

ಮೂವತ್ತನೆಯ ದಿನ ಸಂದರ್ಶನ. ನಮ್ಮ ಮ್ಯಾನೇಜರ್ ಶ್ಯಾಮ ಸಾಹೇಬರು ಸೈಟಿನಿಂದ ತಿಪ್ಪವ್ವ ಎಂಬ ಯಾದಗಿರಿ ಕಡೆಯ ಕೆಲಸದ ಹೆಂಗಸನ್ನು ಕರೆಸಿ ಕೂಡಿಸಿದ್ದರು. ಇವರ ಗುಂಪು ಹೆಲ್ಮೆಟ್ ಯಾಕೆ ಹಾಕುವುದಿಲ್ಲ, ಕೇಳಿ ಎಂದು ಮರಾಠಿಯಲ್ಲಿ ಹೇಳಿದರು. ಇದು ನನ್ನ ಇಂಗ್ಲಿಷಿನ ಪರೀಕ್ಷೆಯೆಂದೇ ತಿಳಿದು, "ಮೇಡಮ್, ಕೈಂಡ್ಲಿ ಎಲ್ಯುಸಿಡೇಟ್ ಯುವರ್ ರಿಲಕ್ಟನ್ಸ್" ಎಂದೆ.

ತಿಪ್ಪವ್ವ ಸೆರಗು ಬಾಯಿಗೆ ಹಿಡಿದಳು. "ಯಪ್ಪಾ, ಈ ಸಾಹೇಬ್ರು ಯಾ ದೇಶದವರದಾರ? ಪಾಪ, ಕನ್ನಡ ಬರಂಗಿಲ್ಲೇನ?"

"ಕನ್ನಡದಲ್ಲಿ ಕೇಳಿ ಮಾರಾಯರೆ, ಕನ್ನಡದವರೆಂದೇ ನಿಮ್ಮನ್ನು ಮೊದಲು ಕರೆದದ್ದು" ಎಂದು ಸಾಹೇಬರು ಮರಾಠಿಯಲ್ಲಿ ರೇಗಿದರು. ಬಾಯಿ ತೆರೆದೆ. ಕಣ್ಣ ಮುಂದೆ ಕೆಂಪು ಅರಿವೆಯ ಕಾಯಿ ತೂಗಾಡಿತು, ಅದರ ಹಿಂದೆ ವೀರಭದ್ರನ ಮೀಸೆ. ಬಾಯಿ ಮುಚ್ಚಿದೆ.

ನನ್ನ ನಂತರ ನಮ್ಮ ಆಫೀಸಿನವನೇ ಆದ, ನಮ್ಮ ಕೆಳಗಿನ ಮನೆಯ ಪ್ರೇಮಕುಮಾರನನ್ನು ಕರೆದರು. (ಇಂಗ್ಲಿಷ್ ಕಲಿಯದಿದ್ದರೆ ಇದ್ದಲ್ಲೇ ಕೊಳೆಯುತ್ತೀಯೆಂದು ನಾನು ಆಗಾಗ ಬುದ್ಧಿ ಹೇಳುತ್ತಿದ್ದುದು ಈತನಿಗೇ.) ಬಾಗಿಲಾಚೆಯಿಂದ ಎಲ್ಲ ಕೇಳಿಸಿತು.

"ಊಟಾತೇನವ್ವಾ? ಟೊಪ್ಪಿಗಿ ಯಾಕ ಒಲ್ಲಿ?"

"ಬುಟ್ಟಿ ಹೊರೂ ತಲಿ ಯಪ್ಪಾ ಇದು. ಟೊಪ್ಪಿಗಿ ಮ್ಯಾಲ ಸಿಂಬಿ ಹೆಂಗ ನಿಲ್ಲತದ?"

ಎರಡೇ ಮಾತು. ಕೆಲಸ ಅವನಿಗಾಯಿತು.

ಮೋರೆ ಜೋತುಹಾಕಿಕೊಂಡು ಸಂಜೆ ಮನೆಗೆ ಬಂದೆ. ಅನುಸೂಯಾ ರೊಟ್ಟಿ ಬಡಿಯುತ್ತಿದ್ದಳು. "ಅನುಸೂಯಾ, ನಂದ—" ಎನ್ನುವಷ್ಟರಲ್ಲಿ ಹಿಟ್ಟಿನ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಇನ್ನೂ ಹದಿನೆಂಟ ದಿನ ಅದಾವು. ಬಿಚ್ಚಾಕ ಬರೂದಿಲ್ಲ ಅಂತ ಅವತ್ತ ಹೇಳೇನಿ."

ಕಲಿತ ಮುನ್ನೂರು ಶಬ್ದಗಳನ್ನು ತಡಕಾಡಿದೆ. ತಪ್ಪಾಯಿತು, ನನ್ನ ಹತ್ತಿರ ಕೂತುಕೋ ಎನ್ನುವುದಕ್ಕೆ ಅದರಲ್ಲಿ ಒಂದೂ ಒದಗಲಿಲ್ಲ. ಅವಳೇ ಒಲೆ ಆರಿಸಿ ಎದುರಿಗೆ ಕೂತಳು. "ಇಂಗ್ಲೀಷ್‌ದಾಗನ ಹೇಳ್ರಿ. ತಿಳೀಲಿ, ಬಿಡಲಿ, ಕೇಳತೀನಿ."

ಹೇಳಿದೆ. ಅರ್ಧ ಗಂಟೆ, ಮೂಗು ಒರೆಸಿಕೊಳ್ಳುತ್ತ, ಶಬ್ದಕ್ಕೆ ಶಬ್ದ ಪೋಣಿಸಿ, ಒಂದನ್ನೂ ಬಿಡದೆ ಹೇಳಿದೆ. ಅವಳು ಹೂಂ ಹೂಂ ಎಂದು ಎಲ್ಲ ಕೇಳಿದಳು. ಕೊನೆಗೆ ಎದ್ದುಹೋಗಿ, ಒಂದು ಪೇಡೆ ತಂದು ನನ್ನ ಕೈಗಿಟ್ಟಳು.

"ಪ್ರೇಮಕುಮಾರಣ್ಣಾರು ಆಗಳೇ ಬಂದು ಕೊಟ್ಟು ಹೋದ್ರು. ನಡದಿದ್ದೆಲ್ಲಾ ಹೇಳಿದ್ರು. ನಮ್ಮ ತಂಗಿ ಕೂಸು ಹೆಂಗದ ಅಂತನೂ ಕೇಳಿದ್ರು ನೋಡ್ರಿ."