ಸೋಲ್ಡರೋ ಬ್ರೇಜಿಂಗೋ, ನಿಮ್ಮ ಇಷ್ಟ ಸರ್

ಕೆಲವರ ಬೆನ್ನು ಹತ್ತಿ ಅದೃಷ್ಟ ಬರುತ್ತದಂತೆ. ನನ್ನ ಬೆನ್ನು ಹತ್ತಿರುವುದು ನಾಚಿಕೆ. ನಾನು ಎಲ್ಲಿಗೆ ಹೋದರೂ ನನಗಿಂತ ಮುಂಚೆ ಅದು ಹೋಗಿ ಕೂತಿರುತ್ತದೆ. ರಿಸೆಷನ್ ವರ್ಷಗಳಲ್ಲಂತೂ ಅದು ನಮ್ಮ ಮನೆಯಲ್ಲೇ ಠಿಕಾಣಿ ಹೂಡಿತ್ತು.

ಡೆಟ್ರಾಯ್ಟ್ ಸುತ್ತಮುತ್ತ ಕಾರು ಕಂಪನಿಗಳು ಒಂದಾದ ಮೇಲೊಂದು ಜನರನ್ನು ಕೆಲಸದಿಂದ ತೆಗೆಯುತ್ತಿದ್ದ ಕಾಲ. ನಮ್ಮ ಯಜಮಾನರೂ ರಟ್ಟಿನ ಡಬ್ಬ ಹಿಡಿದು ಮಧ್ಯಾಹ್ನವೇ ಮನೆಗೆ ಬಂದರು. ಕೆಲವು ತಿಂಗಳು ಕಾದು, ಕಮ್ಯುನಿಟಿ ಕಾಲೇಜಿನಲ್ಲಿ ಫ್ರಿಜ್, ಏಸಿ ರಿಪೇರಿ ಕೋರ್ಸ್ ಇದೆ, ಸೇರಿಕೊಳ್ಳಿ ಅಂದೆ. ಎಂಜಿನಿಯರ್ ಆಗಿದ್ದವನು ಸ್ಪ್ಯಾನರ್ ಹಿಡಿದು ಮನೆಮನೆ ತಿರುಗಿದರೆ ಜನ ಏನಂದುಕೊಳ್ಳುತ್ತಾರೆ ಅಂದರು. ಹಾಗಾದರೆ ನಾನೇ ಸೇರುತ್ತೇನೆ ಅಂದೆ. ಅವರು ತಡೆಯುತ್ತಾರೆ ಅಂದುಕೊಂಡಿದ್ದೆ. ತಡೆಯಲಿಲ್ಲ.

ನನ್ನ ಮೊದಲ ಜಾಯಿಂಟ್

ಮೈಸೂರಿನಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮಾಡಿದ್ದೆನೆಂಬ ಜಂಬ ನನಗೆ. ಮೇಷ್ಟ್ರು ಎರಡು ತಾಮ್ರದ ಪೈಪು ಕೊಟ್ಟು, ಇವೆರಡನ್ನೂ ಬೆಸೆಯಿರಿ, ಒಳಗೆ ಏಸಿ ಗ್ಯಾಸ್ ಓಡಬೇಕು, ಸೋಲ್ಡರ್ ಮಾಡುತ್ತೀರೋ ಬ್ರೇಜಿಂಗ್ ಮಾಡುತ್ತೀರೋ, ನೀವೇ ಯೋಚಿಸಿ ಅಂದರು. ಸೋಲ್ಡರ್ ಕಡಿಮೆ ಶಾಖಕ್ಕೇ ಕರಗುತ್ತದೆ. ಬ್ರೇಜಿಂಗಿಗೆ ಪೈಪು ಕೆಂಪಗಾಗುವವರೆಗೆ ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಹಿಡಿಯಬೇಕು. ಕಾಲೇಜಿನ ಲ್ಯಾಬಿನಲ್ಲಿ ರೇಡಿಯೋಗೆ ಸೋಲ್ಡರ್ ಮಾಡಿದ್ದ ನಾನು ಹಿಂದೆಮುಂದೆ ನೋಡದೆ ಅದನ್ನೇ ಮಾಡಿದೆ. ಜಾಯಿಂಟ್ ಬೆಳ್ಳಿ ಕಾಲುಂಗುರದ ಹಾಗೆ ಫಳಫಳ ಹೊಳೆಯುತ್ತಿತ್ತು. ಎಲ್ಲರಿಗೂ ತಿರುಗಿಸಿ ತಿರುಗಿಸಿ ತೋರಿಸಿದೆ.

ಮೇಷ್ಟ್ರು ಅದಕ್ಕೆ ಪ್ರೆಷರ್ ಕೊಟ್ಟು, ಮೇಲೆ ಸೋಪಿನ ನೀರು ಸವರಿದರು. ಸುತ್ತಲೂ ನೊರೆ ಉಕ್ಕಿತು. ನಲ್ಲಿ ನೀರಿನ ಪೈಪಿಗಾದರೆ ಇದು ಸಾಕು, ಆದರೆ ಏಸಿಯ ಒತ್ತಡಕ್ಕೆ, ಅದರ ನಡುಗಾಟಕ್ಕೆ ಬ್ರೇಜಿಂಗೇ ಬೇಕು ಅಂತ ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತು. ಮಾರನೆಯ ದಿನ ನೋಡಿದರೆ ‘ಹೀಗೆ ಮಾಡಬೇಡಿ’ ಎಂಬ ಬೋರ್ಡಿನ ಕೆಳಗೆ ನನ್ನ ಜಾಯಿಂಟ್ ನೇತಾಡುತ್ತಿತ್ತು, ಪಕ್ಕದಲ್ಲಿ ನನ್ನ ಪೂರ್ತಿ ಹೆಸರು. ಅಮೆರಿಕದಲ್ಲಿ ನನ್ನ ಹೆಸರಿನ ಸ್ಪೆಲಿಂಗ್ ಯಾರಾದರೂ ಸರಿಯಾಗಿ ಬರೆದದ್ದು ಅದೇ ಮೊದಲು.

ಗ್ಯಾಸಿನ ಕೆಲಸ

ಹೇಗೋ ಕೋರ್ಸ್ ಮುಗಿಸಿದೆ. ಒಂದು ಸಣ್ಣ ಕಂಪನಿಯವರು ರಿಪೇರಿಗೆ ಕಳಿಸತೊಡಗಿದರು. ನನಗೆ ಫ್ರೀವೇ ಮೇಲೆ ಡ್ರೈವ್ ಮಾಡಲು ಭಯ, ಹಾಗಾಗಿ ಯಜಮಾನರೇ ಮಿನಿವ್ಯಾನ್ ಓಡಿಸುತ್ತಿದ್ದರು. ಈ ವಿಷಯ ಕನ್ನಡದವರ ಕಿವಿಗೆ ಬೀಳಬಾರದು ಅಂತ ನಮ್ಮಿಬ್ಬರಲ್ಲೂ ಒಪ್ಪಂದವಾಗಿತ್ತು.

ಒಂದು ದಿನ ಇಂಡಿಯನ್ ಸ್ಟೋರ್ ಮುಂದೆ ವ್ಯಾನಿನ ಹಿಂಬಾಗಿಲು ತೆಗೆದು ಅಕ್ಕಿಮೂಟೆ ಇಡುತ್ತಿದ್ದೆವು. ಪರಿಚಯದ ಆಂಟಿಯೊಬ್ಬರು ಬಂದು ಇಣುಕಿದರು. ಒಳಗೆ ಟಾರ್ಚಿನ ಸಿಲಿಂಡರ್. ಇದೇನಪ್ಪಾ ಅಂದರು. ನಮ್ಮವರು ಬೆವರುತ್ತಾ, “ಇವಳಿಗೆ... ಸ್ವಲ್ಪ ಗ್ಯಾಸಿಂದು, ಆಂಟಿ” ಅಂದುಬಿಟ್ಟರು.

ಆಂಟಿ ನನ್ನ ಹೊಟ್ಟೆಯನ್ನೂ ಸಿಲಿಂಡರನ್ನೂ ಒಂದೊಂದು ಸಲ ನೋಡಿ, ಸುಮ್ಮನೆ ನನ್ನ ಕೈ ಅದುಮಿ ಹೊರಟುಹೋದರು. ಹಿಂದೆಯೇ ಓಡಿಹೋಗಿ ನಿಜ ಹೇಳೋಣವೆಂದರೆ, ನಿಜ ಇದಕ್ಕಿಂತ ನಾಚಿಕೆಯದು ಅಂತ ಆಗ ಅನ್ನಿಸಿತ್ತು. ಆ ವರ್ಷದ ಯುಗಾದಿ ಊಟದಲ್ಲಿ ನನ್ನ ತಟ್ಟೆಗೆ ಹೋಳಿಗೆ ಬೀಳಲೇ ಇಲ್ಲ. ಮೂರು ಮನೆಯವರು ಓಂಕಾಳಿನ ಕಷಾಯ ತಂದಿದ್ದರು.

ನಾರ್ತ್‌ವಿಲ್‌ನ ಪೂಜೆ

ಅದೇ ಬೇಸಿಗೆ ಕಂಪನಿಯವರು ನಾರ್ತ್‌ವಿಲ್‌ನ ಒಂದು ಅಡ್ರೆಸ್ ಕೊಟ್ಟರು. ಹೋಗಿ ನೋಡಿದರೆ ಬಾಗಿಲಿಗೆ ಮಾವಿನ ತೋರಣ, ಒಳಗೆ ಸತ್ಯನಾರಾಯಣ ಪೂಜೆ, ಮನೆ ತುಂಬ ಕನ್ನಡದವರು. ಹೊರಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಕೆ, ಏಸಿ ಕೆಟ್ಟಿದೆ. ವಾಪಸ್ ಹೋಗೋಣ ಅಂತ ನಮ್ಮವರು ಗೇರ್ ಹಾಕುವಷ್ಟರಲ್ಲಿ ಮನೆ ಯಜಮಾನರಾದ ಡಾಕ್ಟರು ಬಂದು ಅವರ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. ಡಾಕ್ಟರ ಹೆಂಡತಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. ಮೆಕ್ಯಾನಿಕ್ ನಾನೇ ಅಂದೆ. ತಮಾಷೆ ಅಂದುಕೊಂಡು ನಕ್ಕು, ಅರಿಶಿನ ಕುಂಕುಮ ಕೊಟ್ಟು, ಮಲ್ಲಿಗೆ ಮುಡಿಸಿ, ಪ್ರಸಾದದ ಮುಂದೆ ಕೂರಿಸಿದರು.

ಅಡುಗೆಮನೆಯ ಕಿಟಕಿಯಾಚೆಯೇ ಏಸಿ. ಡಾಕ್ಟರು ನಮ್ಮವರನ್ನು ಕೇಳುವುದು ಕೇಳಿಸಿತು. ಪೈಪಿನ ಜಾಯಿಂಟ್ ಸೋರುತ್ತಿದೆಯಂತೆ, ಬ್ರೇಜಿಂಗ್ ಅಂದರೆ ಬೆಂಕಿ ಜಾಸ್ತಿ, ಗೋಡೆ ಸುಟ್ಟೀತು, ಸೋಲ್ಡರ್ ಸಾಲದೇ?

ನಮ್ಮವರು ಬಹಳ ಹೊತ್ತು ಯೋಚಿಸಿದರು.

“ನಿಮ್ಮ ಇಷ್ಟ ಸರ್.”

ಕೈಯಲ್ಲಿದ್ದ ಸಜ್ಜಿಗೆ ಕೆಳಗಿಟ್ಟೆ. ಬೋರ್ಡಿನ ಕೆಳಗೆ ನೇತಾಡುವ ಇನ್ನೊಂದು ಜಾಯಿಂಟ್ ಕಣ್ಣಮುಂದೆ ಬಂತು. ಎದ್ದು ಹೊರಗೆ ಓಡಿದೆ. ಸೋಲ್ಡರ್ ಆಗುವುದಿಲ್ಲ ಡಾಕ್ಟ್ರೇ, ಬ್ರೇಜಿಂಗೇ ಆಗಬೇಕು, ಗೋಡೆಗೆ ಅಡ್ಡ ತಗಡು ಇಡುತ್ತೇನೆ ಅಂದೆ. ಅವರು ನಮ್ಮವರ ಮುಖ ನೋಡಿದರು. ನಮ್ಮವರು ತಮ್ಮ ಚಪ್ಪಲಿ ನೋಡಿಕೊಂಡರು.

ಪೈಪಿನಲ್ಲಿದ್ದ ಗ್ಯಾಸನ್ನೆಲ್ಲ ತೆಗೆದು ಟಾರ್ಚ್ ಹಚ್ಚುವಷ್ಟರಲ್ಲಿ ಸುದ್ದಿ ಒಳಗೆ ಮುಟ್ಟಿತ್ತು. ಪುರೋಹಿತರೂ ಸೇರಿ ಎಲ್ಲರೂ ಹಿತ್ತಲಿನ ಮರದ ಜಗಲಿ, ಡೆಕ್ ಮೇಲೆ ಬಂದು ಸಾಲಾಗಿ ನಿಂತರು. ಪಕ್ಕದಲ್ಲಿದ್ದ ವಾಲ್ವ್ ಶಾಖಕ್ಕೆ ಹಾಳಾಗದಂತೆ ಒದ್ದೆ ಬಟ್ಟೆ ಸುತ್ತಬೇಕು, ಒಣಗಿದ ಹಾಗೆಲ್ಲ ನೀರು ಹಾಕುತ್ತಿರಬೇಕು. ಅದು ನಮ್ಮವರ ಪಾಲಿನ ಕೆಲಸ. ಹಣೆ ತುಂಬ ಕುಂಕುಮ, ಮುಡಿಯಲ್ಲಿ ಮಲ್ಲಿಗೆ, ಕಾಲಲ್ಲಿ ಬೂಟು, ಕೈಯಲ್ಲಿ ಬೆಂಕಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಪೈಪು ಕೆಂಪಗಾಯಿತು, ಬೆಸುಗೆಯ ಕಡ್ಡಿ ಕರಗಿ ಸುತ್ತಲೂ ಹರಿದು ಕೂತಿತು. ಪ್ರೆಷರ್ ಕೊಟ್ಟು ಸೋಪಿನ ನೀರು ಸವರಿದರೆ ಒಂದು ಗುಳ್ಳೆಯೂ ಇಲ್ಲ.

ಕೊನೆಗೆ ಡಾಕ್ಟರು ಮರ್ಯಾದೆಯಿಂದಲೇ, ಹಾಗಾದರೆ ತಾವು ಏನು ಮಾಡುತ್ತೀರಿ ಅಂತ ನಮ್ಮವರನ್ನು ಕೇಳಿದರು. ಕೆಲಸ ಹೋದಂದಿನಿಂದ ಆ ಪ್ರಶ್ನೆಗೆ ಅವರು ಒಂದೊಂದು ಕಡೆ ಒಂದೊಂದು ಸುಳ್ಳು ಹೇಳುತ್ತಿದ್ದರು. ಆವತ್ತು ಯಾಕೋ ತಲೆಯೆತ್ತಿ ನಿಜ ಹೇಳಿದರು.

“ಕೆಲಸ ಎಲ್ಲಾ ಇವಳದೇ, ಡಾಕ್ಟ್ರೇ. ನಾನು ಬಟ್ಟೆ ಒದ್ದೆ ಮಾಡ್ತೀನಿ.”

ಡೆಕ್ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಡಾಕ್ಟರ ಅಜ್ಜಿಗೆ ಕಿವಿ ಮಾತ್ರ ಚೆನ್ನಾಗಿತ್ತು, ಕಣ್ಣು ಮಂಜು. ಮರುಕದಿಂದ ಮೊಮ್ಮಗನ ಕಡೆ ತಿರುಗಿದರು.

“ಪಾಪ, ಈ ವಯಸ್ಸಿಗೇ? ಏನಾದ್ರೂ ಮಾತ್ರೆ ಬರ್ಕೊಡೋ.”